ಅತ್ತೆ ಪುಣೆಯಲ್ಲಿ, ಆಡು ಬಾದಾಮಿಯಲ್ಲಿ

ಇವತ್ತು ಬೆಳಗ್ಗೆ ಅರ್ಧ ತಂಬಿಗೆ ಹಾಲು ನೆಲದ ಪಾಲಾಯಿತು. ಇದನ್ನು ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ನಳದ ನೀರು ಬರುವ ದಿನ ಓಣಿಯಲ್ಲಿ ಯಾರೂ ಮನುಷ್ಯರಾಗಿರಲ್ಲ, ಗೊತ್ತಲ್ವಾ? ಆರು ಗಂಟೆಗೆ "ನೀರು ಬಂತ್ರೀ" ಅಂತ ಕೂಗು ಬಿದ್ದದ್ದೇ ತಡ, ಎಲ್ಲರ ಮನೆಯಿಂದ ಸ್ಟೀಲ್ ಕೊಡಗಳ ಠಣಠಣ. ನಮ್ಮ ಕರಿ ಆಡಿಗೆ ಕೊಡದ ಸದ್ದೂ ಒಂದೇ, ಹಾಲಿನ ತಂಬಿಗೆಯ ಸದ್ದೂ ಒಂದೇ. ಹಿಂಡೋಕೆ ಬಂದರು ಅಂದುಕೊಂಡು ಗೂಟದಲ್ಲಿ ನಿಂತಲ್ಲೇ ಎರಡೂ ಮೊಲೆಯಿಂದ ತೊಟತೊಟ ಶುರು. ಬೆಕ್ಕು ಬಾಲ ಎತ್ತಿಕೊಂಡು ಹಾಜರ್. ನಾನು ಪೈಪು ಬಿಸಾಕಿ ಓಡಿಹೋಗಿ ಕೆಳಗೆ ಕೂತೆನಾ, ಬಂದ್! ಕೆಚ್ಚಲು ಬಿಗಿದು, ಹಿಂಗಾಲಿನಿಂದ ಒಂದು ಝಾಡಿಸಿ, ಉಳಿದಿದ್ದಕ್ಕೂ ಕಾಲು ಅದ್ದಿ ನಿಂತಿತು.

ಅಮೀನಗಡದ ಸಂತೆಯಿಂದ ಇದನ್ನು ತಂದವರು ನಮ್ಮತ್ತೆ. ಜೊತೆಗೆ ಒಂದು ಕಿಲೋ ಕರದಂಟನ್ನೂ ತಂದಿದ್ದರು. ಎರಡರಲ್ಲಿ ನನಗೆ ಸುಖ ಕೊಟ್ಟಿದ್ದು ಕರದಂಟು. ಅತ್ತೆ ಕೂತು ಎರಡು ಸಲ ಕೆಚ್ಚಲು ಸವರಿ ನನ್ನನ್ನು ಬೈಯೋಕೆ ಶುರು ಮಾಡಿದರೆ ಸಾಕು, ಒಂದು ನಿಮಿಷದೊಳಗೆ ತೊರೆ ಬಿಡುತ್ತಿತ್ತು. ಈಗ ಅವರು ಕಣ್ಣಿನ ಪೊರೆ ತೆಗೆಸೋಕೆ ಪುಣೆಗೆ, ನಾದಿನಿ ಮನೆಗೆ ಹೋಗಿ ತಿಂಗಳಾಯಿತು.

ಪಶು ಡಾಕ್ಟರನ್ನು ಕೇಳಿದೆ. ಆಡಿನ ಹಾಲಿನ ಬಹುಪಾಲು ಕೆಚ್ಚಲಿನ ಕೆಳಭಾಗದಲ್ಲೇ ತುಂಬಿಕೊಂಡಿರುತ್ತದಂತೆ, ಆಕಳ ಹಾಗಲ್ಲ. ತೊಟ್ಟಿನ ಬಾಯಿ ಸಡಿಲಿದ್ದು ಹಿಂಡೋದು ತಡವಾದರೆ ತಾನೇ ಸೋರುತ್ತದೆ. ಮೇಲಿನದು ಇಳಿಯಬೇಕಾದರೆ ಆಕ್ಸಿಟೋಸಿನ್ ಅನ್ನೋ ಹಾಲಿಳಿಸುವ ಹಾರ್ಮೋನು ಬರಬೇಕು, ಗಾಬರಿಯಾದರೆ ಅಡ್ರಿನಲಿನ್ ಅನ್ನೋ ಇನ್ನೊಂದು ಹಾರ್ಮೋನು ಅದನ್ನು ತಡೆಯುತ್ತದೆ. "ಸೋರೋ ತೊಟ್ಟಿನೊಳಗ ರೋಗಾಣು ಹೊಕ್ಕರ ಕೆಚ್ಚಲು ಬಾವು ಆಗ್ತದ್ರಿ. ಹೊತ್ತಿಗಿ ಸರಿಯಾಗಿ ಹಿಂಡ್ರಿ. ಹಿಂಡಿದ ಮ್ಯಾಲೆ ಅರ್ಧ ತಾಸು ಮಲಗಾಕ ಬಿಡಬ್ಯಾಡ್ರಿ, ಮೇವು ಹಾಕ್ರಿ" ಅಂದರು. ಎಲ್ಲ ಸರಿ. ನನ್ನ ಮುಖ ನೋಡಿದರೆ ಅದಕ್ಕೆ ಗಾಬರಿ ಅನ್ನೋದನ್ನು ಇಷ್ಟು ಸುತ್ತಿ ಬಳಸಿ ಹೇಳಬೇಕಿತ್ತಾ?

1924ರಲ್ಲಿ ಬೆಳಗಾವಿ ಅಧಿವೇಶನಕ್ಕೆ ಬಂದ ಗಾಂಧೀಜಿ ಆಡಿನ ಹಾಲು ಕುಡಿಯುವವರು. ಆ ಆಡು ಹಿಂಡಿದವರ ಕಷ್ಟವನ್ನು ಯಾರಾದರೂ ಕೇಳಿದರಾ?

ಉಪಾಯ ಹೇಳಿದವರು ಅತ್ತೆಯೇ. "ಫೋನ್ ಅದರ ಕಿವಿ ಹತ್ರ ಹಿಡಿ." ಸ್ಪೀಕರ್ ಹಾಕಿ ಹಿಡಿದೆ. ಮೊದಲು ಮುದ್ದು ಮಾಡಿದರು, "ಬಾರವ್ವಾ, ನನ್ನ ಬಂಗಾರಿ." ಆಡು ಫೋನಿನ ಕವರ್ ನೆಕ್ಕಿತು, ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿದರು. "ಏ, ಹಿಂಡಿ ನೆನಸಿ ಇಟ್ಟೀಯೇನು? ತಂಬಗಿ ಬಡೀಬ್ಯಾಡ ಅಂತ ಎಷ್ಟ ಸಲ ಹೇಳ್ಲಿ? ಉಗುರು ತಗದೀಯೋ ಇಲ್ಲೋ?" ಉಗುರಿನ ತನಕ ಬರುವಷ್ಟರಲ್ಲಿ ಸುರ್ರ್ ಅಂತ ಹಾಲು. ಅವರು ಇಪ್ಪತ್ತು ವರ್ಷ ಹಿಂದಿನ ನನ್ನ ಮೊದಲ ರೊಟ್ಟಿಯ ತನಕ ಹೋದರು. ತಂಬಿಗೆ ತುಂಬಿ ನೊರೆ ಕಟ್ಟಿತು. ನಾನೂ ಸುಮ್ನೆ ಕೇಳುತ್ತಾ ಕೂತೆ. ಅವರು ಹೋದಾಗಿನಿಂದ ಈ ಮನೆಯಲ್ಲಿ ನನ್ನನ್ನು ಯಾರೂ ಬೈದೇ ಇರಲಿಲ್ಲ. ಆಡಿಗಿಂತ ಮೊದಲು ನನ್ನ ಕಣ್ಣೇ ತೊರೆ ಬಿಟ್ಟೀತು ಅನ್ನಿಸಿತು.

ಅಂದಿನಿಂದ ದಿನಾ ಇದೇ ಪೂಜೆ. ಇವತ್ತು ನೋಡಿದರೆ ನೆಟ್‌ವರ್ಕೇ ಇಲ್ಲ. ಹಾಲು ಸೋರುತ್ತಿದೆ, ನೀರು ಹರಿಯುತ್ತಿದೆ, ಬೆಕ್ಕು ಕಾಯುತ್ತಿದೆ. ಇನ್ನೇನು ಮಾಡಲಿ, ಅತ್ತೆಯ ಧ್ವನಿಯಲ್ಲಿ ನನ್ನನ್ನು ನಾನೇ ಬೈದುಕೊಳ್ಳೋಕೆ ಶುರು ಮಾಡಿದೆ. ದನಿ ಚೆನ್ನಾಗಿಯೇ ಬಂತು. ಆಡು ಕಿವಿ ನಿಗುರಿಸಿತು, ಎರಡು ಚಿಳಕು ಹಾಲೂ ಬಂತು. ಅಷ್ಟರಲ್ಲಿ ಗೋಡೆ ಮೇಲೆ ಪಕ್ಕದ ಮನೆ ವೈನಿಯ ತಲೆ.

"ಅತ್ತಿಯಾರು ಬಂದಾರೇನ್ರಿ?"

"ಇಲ್ರೀ."

"ಮತ್ತ ಯಾರಿಗೆ ಬೈಯಾಕತ್ತೀರಿ?"

ನಾನು ಆಡಿನ ಮುಖ ನೋಡಿದೆ. ಆಡು ಬಂದ್ ಮಾಡಿತು.

ಸಂಜೆ ನೆಟ್‌ವರ್ಕ್ ಬಂತು, ಪುಣೆಯಿಂದ ಫೋನೂ ಬಂತು. ಅತ್ತೆ ಆಡಿನ ಸುದ್ದಿಯನ್ನೇ ಎತ್ತಲಿಲ್ಲ. "ನನ್ನ ದನಿ ತಗದು ಬೈತೀಯಂತ? ಎಲ್ಲಿ, ಒಂದೀಟು ಬೈದು ತೋರಸು ನೋಡೂಣು" ಅಂದರು.