ಮೋಸಕ್ಕೆ ಮಾಫಿ, ಅಂಚೆಚೀಟಿಗೆ ಶಿಕ್ಷೆ

ಗತಿಸಿದ ಜನರಲ್‌ನ ವಿಧವೆ, ಬ್ಯಾಂಕಿನ ಲೆಕ್ಕಾಧಿಕಾರಿ, ತೈಲ ನಿಗಮದ ಎಂಜಿನಿಯರ್: ಇವರಲ್ಲಿ ಒಬ್ಬರಾದರೂ ನಿಮಗೆ ಪತ್ರ ಬರೆದಿಲ್ಲವೆಂದರೆ ನೀವು ಲೋಕದ ಲೆಕ್ಕದಲ್ಲೇ ಇಲ್ಲ. ಎರಡೋ ಮೂರೋ ಕೋಟಿ ಡಾಲರ್ ಲಾಗೋಸ್‌ನಲ್ಲಿ ವಾರಸುದಾರರಿಲ್ಲದೆ ಬಿದ್ದಿದೆ. ಅದನ್ನು ದೇಶದಿಂದ ಹೊರಗೆ ದಾಟಿಸಲು ನಿಮ್ಮಂಥ ದೇವರಂಥ ಮನುಷ್ಯನ ಖಾತೆಯೇ ಬೇಕು. ನಿಮಗೆ ಶೇಕಡ 30. ಸದ್ಯಕ್ಕೆ ಒಂದು ಚಿಕ್ಕ ಶುಲ್ಕ ಕಳುಹಿಸಿದರೆ ಸಾಕು. ಅದು ತಲುಪಿದ ಮೇಲೆ ಇನ್ನೊಂದು ಚಿಕ್ಕ ಶುಲ್ಕ.

ನೈಜೀರಿಯಾದ ದಂಡಸಂಹಿತೆಯಲ್ಲಿ ವಂಚನೆಯ ಕಲಮು 419; ಇಂಥ ಪತ್ರಗಳ ಮೋಸಕ್ಕೆ ಬಿದ್ದ ಹೆಸರೂ ಅದೇ. ಸರ್ಕಾರ ಈ ಉದ್ಯಮಕ್ಕೆ ಮಾಡಿದ ಮೊದಲ ಉಪಕಾರವೇ ಈ ನಾಮಕರಣ. ಮೂಲ ಕಲಮಿನ ಪ್ರಕಾರ 3 ವರ್ಷ ಸೆರೆ; ಲಪಟಾಯಿಸಿದ್ದು ಅಲ್ಲಿಯ ನಾಣ್ಯದಲ್ಲಿ ಸಾವಿರ ನೈರಾ ಮುಟ್ಟಿದರೆ 7 ವರ್ಷ. ಸಾವಿರಕ್ಕೂ ಏಳೇ, ಸಾವಿರ ಕೋಟಿಗೂ ಏಳೇ. ಹಾಗಿರುವಾಗ ಬುದ್ಧಿಯಿರುವ ಯಾವನು ಸಾವಿರಕ್ಕೆ ನಿಲ್ಲಿಸುತ್ತಾನೆ?

ದೇಶದ ಮಾನ ಹರಾಜಾಗುತ್ತಿರುವುದನ್ನು ಕಂಡು 1990ರ ದಶಕದಲ್ಲಿ ನೈಜೀರಿಯಾದ ಕೇಂದ್ರ ಬ್ಯಾಂಕು ಹೊರದೇಶಗಳ ಪತ್ರಿಕೆಗಳಿಗೆ ದೊಡ್ಡ ದೊಡ್ಡ ಜಾಹೀರಾತು ಕೊಟ್ಟಿತು. ನಮ್ಮ ಹೆಸರಿನಲ್ಲಿ ಬರುವ ಪತ್ರಗಳನ್ನು ನಂಬಬೇಡಿ ಎಂಬುದು ಅದರ ಸಾರ. ಕೇಂದ್ರ ಬ್ಯಾಂಕಿನ ಮಾತನ್ನು ನಂಬಬೇಡಿ ಎಂದು ಕೇಂದ್ರ ಬ್ಯಾಂಕೇ ಹೇಳಿದರೆ ಆ ಮಾತನ್ನು ನಂಬಬೇಕೋ ಬೇಡವೋ? ತರ್ಕಪಂಡಿತರು ಇದನ್ನು ಬಿಡಿಸುತ್ತಾ ಕೂತಿರಲಿ. ಬ್ರೆಜಿಲ್‌ನ ಬ್ಯಾಂಕೋ ನೊರೊಯೆಸ್ಟೆಯ ಹಿರಿಯ ಅಧಿಕಾರಿಯೊಬ್ಬರು ಮಾತ್ರ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. 1995ರಿಂದ 1998ರವರೆಗೆ, ನೈಜೀರಿಯಾದ ರಾಜಧಾನಿ ಅಬುಜಾದಲ್ಲಿ ಕಟ್ಟಲಿರುವ ವಿಮಾನ ನಿಲ್ದಾಣಕ್ಕೆಂದು ಹಣ ಕಳುಹಿಸಿ ತಮ್ಮ ಬ್ಯಾಂಕಿಗೆ 24.2 ಕೋಟಿ ಡಾಲರ್ ನಷ್ಟ ಮಾಡಿದರು. ಅಂಥ ನಿಲ್ದಾಣದ ಯೋಜನೆಯೇ ಇರಲಿಲ್ಲ. ಅತ್ತ ಕಡೆಯಿಂದ ವ್ಯವಹಾರ ಕುದುರಿಸಿದವನು ಹಾಕಿಕೊಂಡಿದ್ದ ವೇಷ ಯಾರದು? ಕೇಂದ್ರ ಬ್ಯಾಂಕಿನ ಗವರ್ನರರದ್ದೇ.

ಅಮೆರಿಕ ಸುಮ್ಮನಿರುವ ದೇಶವಲ್ಲ. ಅಧ್ಯಕ್ಷರಿಗೆ ಗುಂಡು ತಗಲದಂತೆ ಕಾಯುವ ಸೀಕ್ರೆಟ್ ಸರ್ವಿಸ್ 'ಆಪರೇಷನ್ 4-1-9' ಆರಂಭಿಸಿ, ನಿಮಗೆ ಬಂದ ಪತ್ರಗಳನ್ನು ನಮಗೆ ಕಳುಹಿಸಿ ಎಂದು ಜನರನ್ನು ಕೋರಿತು. ಹಣ ಕಳೆದುಕೊಂಡಿಲ್ಲವೇ? ಹಾಗಿದ್ದರೆ ಪತ್ರದ ಮೇಲೆ 'ಆರ್ಥಿಕ ನಷ್ಟವಿಲ್ಲ, ನಿಮ್ಮ ದತ್ತಾಂಶಕ್ಕಾಗಿ' ಎಂದು ಬರೆದು ಫ್ಯಾಕ್ಸ್ ಮಾಡಬೇಕು. ದಿನಕ್ಕೆ ನೂರಾರು ಪತ್ರಗಳು ಬಂದು ಬಿದ್ದವು. ವಿಧವೆಯರ ಅಷ್ಟೊಂದು ಕಣ್ಣೀರನ್ನು ಕಡತಕ್ಕೆ ಸೇರಿಸಿಕೊಂಡ ಕಚೇರಿ ಭೂಮಿಯ ಮೇಲೆ ಇನ್ನೊಂದಿರಲಾರದು. ಮುಂದೆ 2005ರಲ್ಲಿ, ನೊಬೆಲ್ ಪ್ರಶಸ್ತಿಯ ಅಣಕವಾಗಿ ಪ್ರಶಸ್ತಿ ಹಂಚುವ ಇಗ್ನೊಬೆಲ್ ಸಮಿತಿ ತನ್ನ ಸಾಹಿತ್ಯ ಪ್ರಶಸ್ತಿಯನ್ನು ನೈಜೀರಿಯಾದ ಈ ಇ-ಮೇಲ್ ಕತೆಗಾರರಿಗೇ ಕೊಟ್ಟಿತು. ಬೇರೆಲ್ಲ ಕಚೇರಿಗಳಿಗಿಂತ ಆ ಸಮಿತಿಯವರೇ ವಿಷಯವನ್ನು ಸರಿಯಾಗಿ ಓದಿಕೊಂಡವರು ಎಂಬುದು ನನ್ನ ಅಂಬೋಣ.

ಆದರೆ ನನಗೆ ಅತ್ಯಂತ ಪ್ರಿಯವಾದದ್ದು ಅಂಚೆಚೀಟಿಯ ಪ್ರಸಂಗ. ಮೂಟೆಗಟ್ಟಲೆ ವಂಚನೆಯ ಪತ್ರಗಳು ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣಕ್ಕೆ ಬಂದಿಳಿಯುತ್ತಿದ್ದವು. ಮುಚ್ಚಿದ ಲಕೋಟೆಯೊಳಗಿನ ಸುಳ್ಳನ್ನು ಹೊರಗಿನಿಂದ ಓದಲಾಗುವುದಿಲ್ಲ. ಒಡೆದರೆ ಕಾನೂನು ಅಡ್ಡ ಬರುತ್ತದೆ. ಆಗ ಅಂಚೆ ತನಿಖಾಧಿಕಾರಿಗಳ ಕಣ್ಣು ಲಕೋಟೆಯ ಮೂಲೆಗೆ ಬಿತ್ತು. ಚೀಟಿ ನಕಲಿ! ಲೋಕಕ್ಕೆಲ್ಲ ಮೂರು ನಾಮ ಹಾಕಲು ಹೊರಟವರು ಮೊದಲ ನಾಮವನ್ನು ತಮ್ಮದೇ ದೇಶದ ಅಂಚೆ ಇಲಾಖೆಗೆ ಹಾಕಿದ್ದರು. ಪತ್ರಗಳನ್ನು ಹಿಡಿದು ರಾಶಿ ರಾಶಿಯಾಗಿ ನಾಶಮಾಡಿದರು. ಒಳಗಿದ್ದ ಕೋಟಿಗಟ್ಟಲೆ ಡಾಲರಿನ ಸುಳ್ಳಿಗಲ್ಲ, ಹೊರಗೆ ಅಂಟಿಸಿದ್ದ ಬಿಡಿಗಾಸಿನ ಸುಳ್ಳಿಗೆ. ಪ್ರಾಮಾಣಿಕವಾಗಿ ಅಂಚೆವೆಚ್ಚ ತೆತ್ತ ವಂಚಕನ ಪತ್ರ ಮಾತ್ರ ಸಕಾಲಕ್ಕೆ ಮನೆ ತಲುಪಿರಬೇಕು.

ಆಮೇಲೆ ಇ-ಮೇಲ್ ಬಂತು, ಚೀಟಿಯ ತಾಪತ್ರಯವೂ ತಪ್ಪಿತು. ನೈಜೀರಿಯಾ 2006ರಲ್ಲಿ ಶಿಕ್ಷೆ ಕನಿಷ್ಠ 7, ಗರಿಷ್ಠ 20 ವರ್ಷ ಎಂದು ಗೊತ್ತುಮಾಡಿ, ಸೈಬರ್ ಕೆಫೆಗಳೆಲ್ಲ ಆರ್ಥಿಕ ಅಪರಾಧಗಳ ಆಯೋಗದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ಕಾನೂನು ಮಾಡಿತು. ಆಯೋಗ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಇಲ್ಲದ ವಿಮಾನ ನಿಲ್ದಾಣವನ್ನು ಮಾರಿದವನಿಗೆ 2005ರಲ್ಲೇ 25 ವರ್ಷ ಸೆರೆಯಾಗಿತ್ತು. ಆಯೋಗದ ಹೆಸರು ದೇಶವಿದೇಶಗಳಲ್ಲಿ ಮೊಳಗಿತು. ಎಡವಟ್ಟಾದದ್ದು ಅಲ್ಲೇ. ವಂಚಕರಿಗೆ ಯಾವಾಗಲೂ ಬೇಕಿದ್ದುದು ಜನ ನಂಬುವಂಥ ಒಂದು ಹೆಸರು. ಸರ್ಕಾರ ಕಷ್ಟಪಟ್ಟು ಅದನ್ನು ತಯಾರಿಸಿ ಕೊಟ್ಟಂತಾಯಿತು. ವಿಧವೆ ಹಿಂದೆ ಸರಿದಳು, ಆಯೋಗದ ಹೆಸರಿನಲ್ಲೇ ಪತ್ರಗಳು ಹೊರಟವು. ಅಮೆರಿಕದ ಎಫ್‌ಬಿಐ ನಿರ್ದೇಶಕರೂ ತಮಗೆ ಗೊತ್ತಿಲ್ಲದೆಯೇ ಊರೂರಿಗೆ ಕಾಗದ ಬರೆಯತೊಡಗಿದರು.

ಅಂಥದ್ದೊಂದು ನನಗೂ ಬಂದಿದೆ. ಲಾಂಛನವಿದೆ, ಓರೆಯಾಗಿ ಒತ್ತಿದ ಮೊಹರು ಇದೆ, 'ಪರಮ ಗೋಪ್ಯ' ಎಂಬ ಕೆಂಪು ಅಕ್ಷರಗಳಿವೆ. ವಂಚನೆಗೊಳಗಾದವರ ಪಟ್ಟಿಯಲ್ಲಿ ನನ್ನ ಹೆಸರು ಇದೆಯಂತೆ. ಪರಿಹಾರವಾಗಿ 15 ಲಕ್ಷ ಡಾಲರ್ ಮಂಜೂರಾಗಿದೆಯಂತೆ. ಈ ಹಣ ವಂಚನೆಯದಲ್ಲ ಎಂಬ ಪ್ರಮಾಣಪತ್ರಕ್ಕೆ 250 ಡಾಲರ್ ಕಟ್ಟಿದರೆ ಸಾಕಂತೆ.

ಸ್ವಾಮೀ, ನಾನು ಈವರೆಗೆ ಎಲ್ಲಿಯೂ ಮೋಸ ಹೋದವನಲ್ಲ, ಈ ಪರಿಹಾರಕ್ಕೆ ನನಗೆ ಅರ್ಹತೆಯೇ ಇಲ್ಲ ಎಂದು ಉತ್ತರಿಸಬೇಕೆಂದಿದ್ದೆ. ಆಮೇಲೆ ಹೊಳೆಯಿತು: ಆ 250 ಡಾಲರ್ ಕಟ್ಟಿಬಿಟ್ಟರೆ ಆ ಕೊರತೆಯೂ ನೀಗುತ್ತದೆ.