ರೆಫ್ರಿಗಳಿಗೆ ಪಿಜಿ, ಊಟ-ತಿಂಡಿ ಸೇರಿ

ಏಳೂವರೆ ಲಕ್ಷ ಪೌಂಡು ಕಣ್ರೀ, ಒಂದೇ ಒಂದು ಟ್ವೀಟಿಗೆ. ನಮ್ಮ ದುಡ್ಡಲ್ಲಿ ಎಂಟು ಕೋಟಿ ದಾಟುತ್ತೆ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನವರು 2024ರ ಏಪ್ರಿಲ್ 21ಕ್ಕೆ ಎವರ್ಟನ್ ಹತ್ರ 2-0 ಸೋತು, ಮೂರು ಪೆನಾಲ್ಟಿ ಕೊಡ್ಲಿಲ್ಲ ಅಂತ ಹೊಟ್ಟೆ ಉರ್ಕೊಂಡು, ವಿಎಆರ್ ರೂಮಲ್ಲಿ (ಅಂದ್ರೆ ವಿಡಿಯೋ ನೋಡಿ ಮೈದಾನದ ರೆಫ್ರಿ ತಪ್ಪು ತಿದ್ದೋ ರೂಮಲ್ಲಿ) ಕೂತಿರೋನು ಲೂಟನ್ ಅನ್ನೋ ಇನ್ನೊಂದು ಟೀಮಿನ ಫ್ಯಾನು, ಬದಲಾಯಿಸಿ ಅಂತ ಮ್ಯಾಚಿಗೆ ಮುಂಚೇನೇ ಹೇಳಿದ್ವಿ, ಬದಲಾಯಿಸ್ಲಿಲ್ಲ ಅಂತ ಹಾಕಿದ್ರಲ್ಲ, ಅದಕ್ಕೆ ಅಕ್ಟೋಬರಲ್ಲಿ ಬಂದ ಬಿಲ್ಲು ಇದು. ಸರಿ, ರೆಫ್ರಿ ಮೇಲೆ ಗೂಬೆ ಕೂರಿಸೋದು ತಪ್ಪು, ದಂಡ ಹಾಕ್ಲಿ ಬಿಡಿ. ಆದ್ರೆ ಆ ಮೂರರಲ್ಲಿ ಒಂದು ಪೆನಾಲ್ಟಿ ಕೊಡಬೇಕಿತ್ತು ಅಂತ ಆಮೇಲೆ ರೆಫ್ರಿಗಳ ಬಾಸ್ ಹೊವಾರ್ಡ್ ವೆಬ್ ಸಾಹೇಬ್ರೇ ಟೀವೀಲಿ ಕೂತು ಒಪ್ಪಿಕೊಂಡ್ರು. ಅದಕ್ಕೆಷ್ಟು ಬಿಲ್ಲು? ಸೊನ್ನೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದನ್ನ ಇಂಗ್ಲೆಂಡಿನವರಿಗೆ ಯಾರು ಹೇಳಿಕೊಟ್ರೋ.

ಇಂಗ್ಲೆಂಡಲ್ಲಿ ರೆಫ್ರಿಗಳನ್ನ ಸಾಕೋದು, ಟ್ರೈನಿಂಗ್ ಕೊಡೋದು, ಯಾರು ಯಾವ ಮ್ಯಾಚಿಗೆ ಅಂತ ಡ್ಯೂಟಿ ಹಾಕೋದು, ಆಮೇಲೆ ಮಾರ್ಕ್ಸ್ ಹಾಕೋದು, ತಪ್ಪಾದ್ರೆ ಕ್ಲಬ್ಬಿಗೆ ಫೋನ್ ಮಾಡಿ ಸಾರಿ ಕೇಳೋದು, ಇಷ್ಟೂ ಒಂದೇ ಕಂಪನಿ. ಹೆಸರು ಪಿಜಿಎಂಒಎಲ್. 2001ರಲ್ಲಿ ರೆಫ್ರಿಗಳನ್ನ ಪೂರ್ತಿ ಸಂಬಳದ ಕೆಲಸಕ್ಕೆ ಇಟ್ಕೊಂಡಾಗ ಹುಟ್ಟಿದ್ದು, ಪ್ರೀಮಿಯರ್ ಲೀಗು, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್ಎ, ಕೆಳಗಿನ ಡಿವಿಷನ್‌ಗಳ ಇಎಫ್ಎಲ್ ಮೂವರೂ ಸೇರಿ ದುಡ್ಡು ಹಾಕ್ತಾರೆ. ಆ ಹೆಸರು ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲ ಎರಡಕ್ಷರಕ್ಕೇ ನಿಂತುಬಿಡುತ್ತೆ. ಪಿಜಿ. ಬೆಂಗಳೂರಲ್ಲಿದ್ದೋರಿಗೆ ಪಿಜಿ ಅಂದ್ರೆ ಇನ್ನೇನು ಹೊಳೆಯುತ್ತೆ ಹೇಳಿ.

ನಾನೂ ಎರಡು ವರ್ಷ ಒಂದು ಪಿಜೀಲಿದ್ದೆ. ತ್ರೀ ಶೇರಿಂಗು. ಬೆಳಗ್ಗೆ ಪೊಂಗಲ್ಲು, ರಾತ್ರಿ ಅದೇ ಪೊಂಗಲ್ಲು ಬಿಸಿಬೇಳೆ ಬಾತ್ ಅಂತ ಹೆಸರು ಬದಲಾಯಿಸ್ಕೊಂಡು ಬರೋದು. ಫ್ರಿಜ್ ಪಕ್ಕ ಒಂದು ದಾರ ಕಟ್ಟಿದ ಕಂಪ್ಲೇಂಟ್ ಬುಕ್ಕು, ಪೆನ್ನು ಮಾತ್ರ ಇರ್ತಿರಲಿಲ್ಲ. ಪೆನ್ನು ತಂದು ಬರೆದ್ರೆ ಅದನ್ನ ಓದೋದು ಯಾರು? ಓನರ್ ಬಾಮೈದ. ಅಡುಗೆ ಮಾಡೋದು ಯಾರು? ಅದೇ ಬಾಮೈದ. "ಸಾರಿನಲ್ಲಿ ಜಿರಲೆ" ಅಂತ ಬರೆದಿದ್ದಕ್ಕೆ ಕೆಳಗೆ ಅವನೇ "ಪರಿಶೀಲಿಸಲಾಗಿದೆ" ಅಂತ ಬರೆದು ಸೈನ್ ಹಾಕಿದ್ದ. ರೂಮ್‌ಮೇಟ್ ರಾತ್ರಿ ಎರಡಕ್ಕೆ ಜೋರಾಗಿ ಫೋನಲ್ಲಿ ಮಾತಾಡಿದ್ರೂ ನಾನು ಬಾಯಿ ಬಿಡ್ತಿರಲಿಲ್ಲ, ಯಾಕಂದ್ರೆ ನಾಳೆ ಅವನ ಬಕೆಟ್ಟೇ ನನಗೂ ಬೇಕು.

ಈಗ ಮಾಜಿ ರೆಫ್ರಿ ಮೈಕ್ ಡೀನ್ ಹೇಳಿದ್ದು ನೆನಪು ಮಾಡ್ಕೊಳ್ಳಿ. 2022ರ ಆಗಸ್ಟ್, ಚೆಲ್ಸೀ-ಟಾಟನ್‌ಹ್ಯಾಮ್, ಟಾಟನ್‌ಹ್ಯಾಮ್‌ನ ರೊಮೆರೊ ಹೋಗಿ ಚೆಲ್ಸೀಯ ಕುಕುರೆಯಾನ ಜುಟ್ಟು ಹಿಡಿದು ಎಳೆದ, ಇಡೀ ಪ್ರಪಂಚ ನೋಡ್ತು. ವಿಎಆರ್ ಡ್ಯೂಟೀಲಿದ್ದ ಡೀನ್, ಹೋಗಿ ಮಾನಿಟರ್ ನೋಡಪ್ಪ ಅಂತ ಮೈದಾನದಲ್ಲಿದ್ದ ಆಂಥನಿ ಟೇಲರ್‌ಗೆ ಹೇಳಲೇ ಇಲ್ಲ. ಅದಾದ ಕೂಡಲೇ ಬಿದ್ದ ಕಾರ್ನರ್‌ನಲ್ಲೇ ಟಾಟನ್‌ಹ್ಯಾಮ್ ಗೋಲು ಹೊಡೆದು 2-2 ಮಾಡ್ತು. ವರ್ಷ ಕಳೆದು ಕೆಲಸ ಬಿಟ್ಟ ಮೇಲೆ ಕಾರಣ ಹೇಳಿದ, ಟೇಲರ್ ಬರೀ ರೆಫ್ರಿ ಅಲ್ಲ, ನನ್ನ ಫ್ರೆಂಡೂ ಹೌದು, ಆಗಲೇ ಅವನ ತಲೆ ಬಿಸಿಯಾಗಿತ್ತು, ಇನ್ನಷ್ಟು ತಲೆನೋವು ಯಾಕೆ ಅಂತ ಸುಮ್ಮನಾದೆ ಅಂತ. ಆಹಾ. ಸ್ನೇಹ ಅಂದ್ರೆ ಇದು. ಕೋಟಿಗಟ್ಟಲೆ ಪೌಂಡು ಸುರಿದು, ಹೀಥ್ರೋ ಏರ್‌ಪೋರ್ಟ್ ಹತ್ರ ಸ್ಟಾಕ್ಲಿ ಪಾರ್ಕಲ್ಲಿ ಗೋಡೆ ತುಂಬಾ ಸ್ಕ್ರೀನ್ ಹಾಕಿ, ಹತ್ತಾರು ಕ್ಯಾಮೆರಾ ಲೈನ್ ಎಳೆದು ಕೊನೆಗೆ ಕಾಪಾಡಿದ್ದು ಏನನ್ನ ಅಂದ್ರೆ ರೂಮ್‌ಮೇಟ್ ಮೂಡನ್ನ.

ಬಕೆಟ್ಟು. ಎಲ್ಲಾ ಬಕೆಟ್ ವಿಷ್ಯ ಸ್ವಾಮಿ. ಈ ಶನಿವಾರ ಇವನು ಮೈದಾನದಲ್ಲಿ ಅವನು ವಿಎಆರಲ್ಲಿ, ಬರೋ ಶನಿವಾರ ಅವನು ಮೈದಾನದಲ್ಲಿ ಇವನು ವಿಎಆರಲ್ಲಿ. ಇವತ್ತು ನಿನ್ನ ತಪ್ಪು ನಾನು ಹಿಡಿದ್ರೆ ನಾಳೆ ನನ್ನದು ನೀನು ಹಿಡೀತೀಯ.

ಇನ್ನು ಲೂಟನ್ ಫ್ಯಾನ್ ವಿಷ್ಯ. ಅಲ್ಲಿ ರೆಫ್ರಿಗಳು ತಾವು ಯಾವ ಟೀಮಿನ ಫ್ಯಾನು ಅಂತ ಮೊದಲೇ ಬರೆದುಕೊಡಬೇಕು, ಆ ಟೀಮಿನ ಮ್ಯಾಚಿಗೆ ಅವರನ್ನ ಹಾಕಲ್ಲ. ನಮ್ಮಲ್ಲಿ ಎಲೆಕ್ಷನ್ ಡ್ಯೂಟಿಗೆ ಸ್ವಂತ ಕ್ಷೇತ್ರ ಕೊಡಲ್ಲವಲ್ಲ, ಹಂಗೇ. ಡೀನ್ ಟ್ರ್ಯಾನ್‌ಮಿಯರ್ ರೋವರ್ಸು, ಟೇಲರ್ ಮ್ಯಾಂಚೆಸ್ಟರ್ ಕಡೆಯವನು ಆದ್ರೆ ಬೆಂಬಲಿಸೋದು ಆಲ್ಟ್ರಿಂಚಮ್ ಅನ್ನೋ ಪುಟ್ಟ ಟೀಮು. ಅಷ್ಟು ದೊಡ್ಡ ಕೆಂಪು ಟೀಮು ಯುನೈಟೆಡ್ಡು, ಅಷ್ಟು ದೊಡ್ಡ ನೀಲಿ ಟೀಮು ಸಿಟಿ ಎರಡೂ ಇರೋ ಊರಲ್ಲಿ ಬೆಳೆದು ಹುಡುಗ ಆಲ್ಟ್ರಿಂಚಮ್ಮೇ ಬೇಕು ಅಂತ ಹಠ ಹಿಡಿದಿದ್ದಾನೆ ಅಂದ್ರೆ ನಂಬಬೇಕು, ನಾನು ನಂಬಿದೀನಿ, ನೀವೂ ನಂಬಿ. ಮೈಕಲ್ ಆಲಿವರ್ ಮಾತ್ರ ನೇರವಾಗಿ ನ್ಯೂಕಾಸಲ್ ಅಂತಾನೆ, ಪಾಪ ಪ್ರಾಮಾಣಿಕ.

ಆದ್ರೆ ರೂಲು ಇರೋದು ಆ ಟೀಮಿನ ಮ್ಯಾಚಿಗೆ ಹೋಗಬೇಡ ಅಂತ, ಆ ಟೀಮಿನ ಹೊಟ್ಟೆಗೆ ಹೊಡೆಯೋ ಅಥವಾ ಅನ್ನ ಹಾಕೋ ಮ್ಯಾಚಿಗೆ ಹೋಗಬೇಡ ಅಂತ ಅಲ್ಲ. ಆವತ್ತು ಫಾರೆಸ್ಟು ಹದಿನೇಳನೇ ಜಾಗದಲ್ಲಿ, ಲೂಟನ್ನು ಅದರ ಕಾಲ ಕೆಳಗೆ ಒಂದೇ ಒಂದು ಪಾಯಿಂಟ್ ಹಿಂದೆ ಹದಿನೆಂಟರಲ್ಲಿ, ಹದಿನೆಂಟು ಅಂದ್ರೆ ಕೆಳಗಿನ ಡಿವಿಷನ್‌ಗೆ ಬಸ್ಸು. ಅಲ್ಲಿಗೆ ಲೂಟನ್ ಅಂತ ಬರೆದುಕೊಟ್ಟಿರೋ ಸ್ಟುವರ್ಟ್ ಆಟ್ವೆಲ್‌ನ ವಿಎಆರ್ ಡ್ಯೂಟಿಗೆ ಹಾಕಿದ್ರು. ಆಟ್ವೆಲ್ ಮೋಸ ಮಾಡ್ದ ಅಂತ ನಾನು ಖಂಡಿತ ಹೇಳಲ್ಲ, ಮಾಡಿಲ್ಲ ಅಂತಲೇ ನನ್ನ ನಂಬಿಕೆ. ಆದ್ರೆ ಡ್ಯೂಟಿ ಲಿಸ್ಟ್ ಟೈಪ್ ಮಾಡಿದ ಪುಣ್ಯಾತ್ಮ ಪಾಯಿಂಟ್ಸ್ ಟೇಬಲ್ ಒಂದ್ಸಲ ನೋಡಬಾರದಿತ್ತಾ? ಇಪ್ಪತ್ತೇ ಟೀಮು. ಒಂದೇ ಪುಟ.

ಆಟ್ವೆಲ್ ಅಂದ್ರೆ ನೆನಪಾಯ್ತು, 2008ರಲ್ಲಿ ವಾಟ್‌ಫರ್ಡ್-ರೀಡಿಂಗ್ ಮ್ಯಾಚಲ್ಲಿ ಬಾಲು ಗೋಲ್‌ಪೋಸ್ಟಿನ ಪಕ್ಕದಿಂದ ಆಚೆ ಹೋದ್ರೂ ರೀಡಿಂಗಿಗೆ ಗೋಲು ಕೊಟ್ಟೋರು ಇವರೇ. ಆಗ ಇಪ್ಪತ್ತೈದು ವರ್ಷದ ಹುಡುಗ, ಲೈನ್ಸ್‌ಮನ್ ಬಾವುಟ ನೋಡಿ ಕೊಟ್ಟಿದ್ದು. ವಾಟ್‌ಫರ್ಡು ಲೂಟನ್‌ಗೆ ಹಳೇ ಜನ್ಮದ ವೈರಿ ಅನ್ನೋದು ಬರೀ ಕಾಕತಾಳೀಯ. ವಾಟ್ಸಾಪ್ ಯೂನಿವರ್ಸಿಟಿಯವರು ಇಲ್ಲಿಂದ ಮುಂದೆ ಓದಬೇಡಿ.

ಫಾರೆಸ್ಟಿನವರೇನು ಕಮ್ಮಿ ಬಿಡಿ. ರೆಫ್ರಿಗಳನ್ನ ಅರ್ಥ ಮಾಡ್ಕೊಳೋಕೆ ಅಂತ ಮಾರ್ಕ್ ಕ್ಲಾಟನ್‌ಬರ್ಗ್ ಅನ್ನೋ ಮಾಜಿ ರೆಫ್ರೀನೇ ಸಂಬಳಕ್ಕೆ ಇಟ್ಕೊಂಡಿದ್ರು. ಪಿಜಿ ಅಡುಗೆಮನೇಲಿ ಏನು ಬೇಯ್ತಿದೆ ಅಂತ ತಿಳಿಯೋಕೆ ಹಳೇ ಬಾಡಿಗೆದಾರನ್ನ ಕಿಟಕಿ ಹತ್ರ ನಿಲ್ಲಿಸಿದಂಗೆ. ಟ್ವೀಟ್ ಗಲಾಟೆ ಆಗಿ ಎರಡು ವಾರದೊಳಗೆ ಅವನೂ ರಾಜೀನಾಮೆ ಕೊಟ್ಟು ಹೋದ.

ಚೀಟಿ ಎತ್ತಿಬಿಡ್ಬೇಕಪ್ಪ ಅಂತ ನಮ್ಮ ಪಕ್ಕದ ಮನೆ ಹುಡುಗ ಹೇಳ್ತಾನೆ. ಅವನು ಲಿವರ್‌ಪೂಲ್ ಭಕ್ತ, ರಕ್ತ ಬಿಸಿ. ಮಗಾ, ಅದನ್ನೂ ಮಾಡಿ ಆಗಿದೆ. ಇಟಲೀಲಿ 1984-85ರ ಸೀಸನ್ನಲ್ಲಿ ಯಾರು ಯಾವ ಮ್ಯಾಚಿಗೆ ಅನ್ನೋದನ್ನ ಪೂರ್ತಿ ಚೀಟಿ ಎತ್ತೇ ತೀರ್ಮಾನ ಮಾಡಿದ್ರು. ಆ ವರ್ಷ ಗೆದ್ದಿದ್ದು ಯಾರು ಗೊತ್ತಾ, ಯುವೆಂಟಸ್ ಅಲ್ಲ, ಮಿಲಾನ್ ಅಲ್ಲ, ವೆರೋನಾ! ಅದಕ್ಕೂ ಮುಂಚೆ ಗೆದ್ದಿಲ್ಲ, ಆಮೇಲೂ ಗೆದ್ದಿಲ್ಲ. ವೆರೋನಾ ಟೀಮು ಆ ವರ್ಷ ನಿಜವಾಗಲೂ ಚೆನ್ನಾಗಿತ್ತು, ಅದು ಬೇರೆ ಮಾತು, ಆದ್ರೆ ಸೀಸನ್ ಮುಗಿದಿದ್ದೇ ಚೀಟಿ ಡಬ್ಬ ಅಟ್ಟಕ್ಕೆ ಹೋಯ್ತು. ಇಪ್ಪತ್ತು ವರ್ಷ ಆದ್ಮೇಲೆ 2006ರಲ್ಲಿ ಪೊಲೀಸರು ಕದ್ದು ಕೇಳಿದ ಫೋನ್ ಮಾತುಗಳು ಹೊರಗೆ ಬಂದ್ವು, ಯುವೆಂಟಸ್‌ನ ಜನರಲ್ ಮ್ಯಾನೇಜರ್ ಮೊಜ್ಜಿ ಮಹಾಶಯ ರೆಫ್ರಿಗಳಿಗೆ ಡ್ಯೂಟಿ ಹಾಕೋ ಅಧಿಕಾರಿಗಳ ಜತೆ ಹರಟೆ ಹೊಡೀತಿದ್ದಿದ್ದು ಊರಿಗೆಲ್ಲ ಗೊತ್ತಾಯ್ತು, ಯುವೆಂಟಸ್ ಕೆಳಗಿನ ಡಿವಿಷನ್ ಸೀರಿ ಬಿಗೆ ಬಿತ್ತು. ಸೀಟಿ ಊದೋನಿಗೆ ಲಂಚ ಕೊಡೋನು ದಡ್ಡ, ಲಿಸ್ಟ್ ಟೈಪ್ ಮಾಡೋನ ಜತೆ ಊಟಕ್ಕೆ ಹೋಗೋನು ಜಾಣ. ನಮ್ಮ ಕಡೆ ಟ್ರಾನ್ಸ್‌ಫರ್ ಸೀಸನ್ನಲ್ಲಿ ವಿಧಾನಸೌಧದ ಕಾರಿಡಾರ್ ನೋಡಿದೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹುಡುಗನ ರಕ್ತ ಬಿಸಿಯಾಗಿದ್ದಕ್ಕೂ ಕಾರಣ ಇದೆ. 2023ರ ಸೆಪ್ಟೆಂಬರ್ 30, ಶನಿವಾರ ರಾತ್ರಿ ಹತ್ತಕ್ಕೆ ನಮ್ಮ ಮನೇಲಿ ಕೂತು ಇಬ್ಬರೂ ನೋಡಿದ್ವಿ, ಟಾಟನ್‌ಹ್ಯಾಮ್-ಲಿವರ್‌ಪೂಲ್. ಲಿವರ್‌ಪೂಲಿನ ಲೂಯಿಸ್ ಡಿಯಾಸ್ ಹೊಡೆದ ಶುದ್ಧ ಗೋಲನ್ನ ಲೈನ್ಸ್‌ಮನ್ ಆಫ್‌ಸೈಡ್ ಅಂದ. ವಿಎಆರಲ್ಲಿ ಕೂತಿದ್ದ ಡ್ಯಾರೆನ್ ಇಂಗ್ಲೆಂಡ್ ಅನ್ನೋ ರೆಫ್ರಿ ಲೈನ್ ಎಳೆದು ನೋಡಿ, ಮೈದಾನದಲ್ಲಿ ಗೋಲ್ ಕೊಟ್ಟಿದಾರೆ ಅಂತಲೇ ಅಂದ್ಕೊಂಡು, ಚೆಕ್ ಕಂಪ್ಲೀಟ್, ಪರ್ಫೆಕ್ಟ್ ಅಂದುಬಿಟ್ಟ. ಅಂದ್ರೆ ಗೋಲು ಸರಿ ಇದೆ ಅಂತ ಕಂಡುಹಿಡಿದು, ಗೋಲು ಇಲ್ಲ ಅನ್ನೋದನ್ನ ಪಾಸ್ ಮಾಡಿದ! ಆಮೇಲೆ ಬಿಟ್ಟ ಆಡಿಯೋ ಕೇಳಿ ನೀವು, ಏನೋ ಎಡವಟ್ಟಾಗಿದೆ ಅಂತ ಮೊದಲು ಎಚ್ಚರಿಸಿದ್ದು ಯಾರು? ರೆಫ್ರಿ ಅಲ್ಲ, ರೀಪ್ಲೇ ಒತ್ತೋ ಟೆಕ್ನಿಷಿಯನ್ನು. ಅಷ್ಟೊತ್ತಿಗೆ ಆಟ ಶುರುವಾಗಿತ್ತು, ನಿಲ್ಲಿಸೋಕೆ ಆಗಲ್ಲ, ರೂಲಿಲ್ಲ, ಏನೂ ಮಾಡಕ್ಕಾಗಲ್ಲ ಏನೂ ಮಾಡಕ್ಕಾಗಲ್ಲ ಅಂತ ಜಪ. ಕೊನೆಗೆ ಒಂಬತ್ತು ಜನ ಉಳಿದಿದ್ದ ಲಿವರ್‌ಪೂಲು ಇಂಜುರಿ ಟೈಮಲ್ಲಿ ಮಾಟಿಪ್ ಹೊಡ್ಕೊಂಡ ಸೆಲ್ಫ್ ಗೋಲಿಂದ ಸೋತು, ನಮ್ಮ ಹುಡುಗ ಚಪ್ಪಲಿ ಹಾಕ್ಕೊಳ್ದೇ ಎದ್ದು ಹೋದ.

ಮುಖ್ಯ ವಿಷ್ಯ ಈಗ. ವಿಎಆರಲ್ಲಿದ್ದ ಡ್ಯಾರೆನ್ ಇಂಗ್ಲೆಂಡ್, ಅವನ ಅಸಿಸ್ಟೆಂಟ್ ಡ್ಯಾನ್ ಕುಕ್ ಇಬ್ಬರೂ ಆ ಗುರುವಾರ ಎಲ್ಲಿದ್ರು ಗೊತ್ತಾ? ಯುಎಇ ಲೀಗಿನ ಮ್ಯಾಚ್ ಡ್ಯೂಟಿಗೆ ಹೋಗಿದ್ರು. ನಾವಿಲ್ಲಿ ಶುಕ್ರವಾರ ಕಾವೇರಿ ಬಂದ್ ಅಂತ ಬಾಗಿಲು ಹಾಕ್ಕೊಂಡು ಕೂತಿರೋವಾಗ ಅವರು ವಿಮಾನದಲ್ಲಿ ವಾಪಸ್, ಶನಿವಾರ ಕಣ್ಣುಜ್ಜಿಕೊಂಡು ಸ್ಟಾಕ್ಲಿ ಪಾರ್ಕು. ಪಿಜಿ ಓನರ್ ಪರ್ಮಿಷನ್ ಕೊಟ್ಟೇ ಕಳಿಸಿದ್ದು. ಮ್ಯಾಂಚೆಸ್ಟರ್ ಸಿಟಿ ಓನರ್ರು ಅಬುಧಾಬಿ ರಾಜಮನೆತನದೋರು ಅಂತ ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದೇ ವರ್ಷ ಏಪ್ರಿಲಲ್ಲಿ ನಮ್ಮ ಪ್ರಾಮಾಣಿಕ ಆಲಿವರ್ ಸೌದಿಗೆ ಹೋಗಿ ರೊನಾಲ್ಡೊ ಆಡಿದ ಮ್ಯಾಚು ನಡೆಸ್ಕೊಟ್ಟು ಬಂದ. ಆಲಿವರ್ ಟೀಮು ಯಾವುದು? ನ್ಯೂಕಾಸಲ್. ನ್ಯೂಕಾಸಲ್ ಯಾರದ್ದು? ಸೌದಿ ಫಂಡಿನದ್ದು. ನ್ಯೂಕಾಸಲ್ ಮ್ಯಾಚಿಗೆ ಕಳಿಸಬಾರದು ಅಂತ ರೂಲು, ನ್ಯೂಕಾಸಲ್ ಓನರ್ ದೇಶಕ್ಕೆ ಎಕ್ಸ್‌ಟ್ರಾ ಡ್ಯೂಟಿಗೆ ಹೋಗೋದು ಬೇಡ ಅನ್ನೋ ರೂಲು ಆಗ ಇರಲಿಲ್ಲ. ಇಷ್ಟು ಸೊಗಸಾಗಿ ಯೋಚನೆ ಮಾಡೋಕೆ ನಮ್ಮ ಯಾವ ಇಲಾಖೆಗೂ ಬರಲ್ಲ.

ಶಿಕ್ಷೆ ಆಯ್ತಲ್ಲ ಅಂತೀರ. ಆಯ್ತು. ಭಾನುವಾರ-ಸೋಮವಾರದ ಡ್ಯೂಟಿಯಿಂದ ಇಬ್ಬರನ್ನೂ ಇಳಿಸಿದ್ರು, ಆಮೇಲೆ ಒಂದಿಷ್ಟು ದಿನ ರೆಸ್ಟು. ಇದು ಅಲ್ಲಿನ ಪದ್ಧತಿ. ಅದೇ ವರ್ಷ ಆಗಸ್ಟಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೋಲ್‌ಕೀಪರ್ ಒನಾನಾ ವೂಲ್ವ್ಸ್ ಆಟಗಾರನ ಮೇಲೆ ಲಾರಿ ಹರಿಸಿದಂಗೆ ಹರಿದಾಗ್ಲೂ ಪೆನಾಲ್ಟಿ ಇಲ್ಲ, ಮ್ಯಾಚ್ ಮುಗಿದ ಮೇಲೆ ವೂಲ್ವ್ಸ್ ಕೋಚಿಗೆ ಸಾರಿ, ಮೂವರು ರೆಫ್ರಿಗಳಿಗೆ ಮುಂದಿನ ವಾರ ರೆಸ್ಟು. ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿ, ಬಾಗಿಲು ಹಾಕಿದ್ವಿ ನೋಡಿ ಅಂತ ಪ್ರೆಸ್ ನೋಟು. ರೋಸಿಹೋದ ವೂಲ್ವ್ಸ್‌ನವರು 2024ರ ಜೂನಲ್ಲಿ ಈ ವಿಎಆರೇ ಬೇಡ ಅಂತ ವೋಟಿಗೆ ಹಾಕಿಸಿದ್ರು. 19-1. ಆ ಒಂದು ವೋಟು ಅವರದ್ದೇ. ಪ್ರತಿ ವಾರ ಎದೆ ಬಡ್ಕೊಳೋ ಹತ್ತೊಂಬತ್ತು ಕ್ಲಬ್ಬೂ ಕೈ ಎತ್ತಿ ಪೊಂಗಲ್ಲೇ ಇರಲಿ ಅಂದ್ವು.

ನಮ್ಮೂರಿಗೂ ಒಂದ್ಸಲ ಬಂದು ಹೋಗೋಣ. 2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ, ಬೆಂಗಳೂರು ಎಫ್‌ಸಿ-ಕೇರಳ ಬ್ಲಾಸ್ಟರ್ಸ್, ಎಕ್ಸ್‌ಟ್ರಾ ಟೈಮಲ್ಲಿ ಕೇರಳದವರು ಆಟಗಾರರನ್ನ ಸಾಲಾಗಿ ನಿಲ್ಲಿಸಿ ಗೋಡೆ ಕಟ್ಟೋಕೆ ಮುಂಚೇನೇ ಛೇತ್ರಿ ಫ್ರೀಕಿಕ್ ಒದ್ದು ಗೋಲು. ಕೇರಳದವರು ಆಟ ಬಿಟ್ಟು ಎದ್ದುಹೋದ್ರು, ನಾಲ್ಕು ಕೋಟಿ ದಂಡ, ಅವರ ಕೋಚಿಗೆ ಹತ್ತು ಮ್ಯಾಚ್ ಬ್ಯಾನು. ನಾನು ಬೆಂಗಳೂರಿನೋನಾಗಿ ಆವತ್ತು ಕುಣಿದಿದ್ದೇ ಸರಿ, ಸುಳ್ಳು ಯಾಕೆ ಹೇಳಲಿ. ಆದ್ರೆ ನಮ್ಮ ಲೀಗಲ್ಲಿ ವಿಎಆರೂ ಇರಲಿಲ್ಲ, ಸ್ಟಾಕ್ಲಿ ಪಾರ್ಕೂ ಇರಲಿಲ್ಲ, ಆ ರೆಫ್ರಿ ಒಂಟಿಯಾಗಿ ಬೈಸ್ಕೊಂಡ. ಇಲ್ಲದೋರು ತಪ್ಪು ಮಾಡಿದ್ರೆ ಅಯ್ಯೋ ಅನಿಸುತ್ತೆ. ಎಲ್ಲಾ ಇದ್ದೋರಿಗೆ ಏನು ಧಾಡಿ?

ಮತ್ತೆ ಒಂದು ಮಾತು, ಇದು ತಮಾಷೆಗೆ ಅಲ್ಲ. ಅದೇ ಇಂಗ್ಲೆಂಡಲ್ಲಿ, ಅದೇ 2023ರಲ್ಲಿ, ಭಾನುವಾರ ಬೆಳಗ್ಗೆ ಕೆಸರು ಮೈದಾನದಲ್ಲಿ ಊರು ಟೀಮುಗಳ ಮ್ಯಾಚು ನಡೆಸೋ ರೆಫ್ರಿಗಳ ಎದೆಗೆ ಕ್ಯಾಮೆರಾ ಕಟ್ಟೋಕೆ ಶುರು ಮಾಡಿದ್ರು, ಮಿಡ್ಲ್ಸ್‌ಬ್ರೋ ಕಡೆಯಿಂದ. ಯಾಕೆ ಹೇಳಿ? ಆಫ್‌ಸೈಡ್ ನೋಡೋಕಲ್ಲ. ಬೈಯೋದು ಹೊಡೆಯೋದು ರೆಕಾರ್ಡ್ ಆಗ್ಲಿ, ಆಗಲಾದ್ರೂ ಹೆದರ್ಲಿ ಅಂತ. ಮೇಲೆ ಕೂತೋರು ಫ್ರೆಂಡಿಗೆ ತಲೆನೋವು ಬೇಡ ಅಂತ ಬಾಯಿ ಮುಚ್ಕೊಂಡ ಪ್ರತಿ ಸಲ, ಟೀವೀಲಿ ಕೋಚು ನಾಲ್ಕನೇ ರೆಫ್ರಿ ಮುಖಕ್ಕೆ ಉಗುಳೋ ಥರ ಕಿರುಚಿದ ಪ್ರತಿ ಸಲ, ಅದರ ಏಟು ಬೀಳೋದು ಅಲ್ಲಿ ಆ ಹದಿನೇಳು ಹದಿನೆಂಟು ವರ್ಷದ ಹುಡುಗನ ಮೇಲೆ. ಅವನಿಗೆ ಯುಎಇ ಇಲ್ಲ, ವಾರದ ರೆಸ್ಟೂ ಇಲ್ಲ. ಸಾಕಾಗಿ ಹೋಗಿದೆ ನನಗೆ, ಈ ಸಾರಿ ಕೇಳೋ ಫೋನ್‌ಕಾಲ್‌ಗಳ ಸುದ್ದಿ ಓದಿ ಓದಿ.

ಒಳ್ಳೇದೇ ಇಲ್ವಾ ಅಂದ್ರೆ ಇದೆ. 2024ರ ಮಾರ್ಚಲ್ಲಿ ಸನ್ನಿ ಸಿಂಗ್ ಗಿಲ್ ಕ್ರಿಸ್ಟಲ್ ಪ್ಯಾಲೇಸ್-ಲೂಟನ್ ಮ್ಯಾಚಿಗೆ ಸೀಟಿ ಊದಿದ, ಪ್ರೀಮಿಯರ್ ಲೀಗಲ್ಲಿ ನಮ್ಮ ಕಡೆ ಮೂಲದ ಮೊದಲ ರೆಫ್ರಿ. ಅವರಪ್ಪ ಜರ್ನೈಲ್ ಸಿಂಗು ಪೇಟ ಕಟ್ಕೊಂಡೇ ಅಲ್ಲಿನ ಲೀಗ್ ಮ್ಯಾಚು ನಡೆಸಿದೋರು, ತಮ್ಮ ಭೂಪಿಂದರ್ ಲೈನ್ಸ್‌ಮನ್. ಆ ಸುದ್ದಿ ನೋಡಿ ನಿಜವಾಗಲೂ ಖುಷಿ ಆಯ್ತು. ಆಮೇಲೆ ಯೋಚನೆ ಬಂತು, ಪಾಪ, ಈ ಪಿಜಿಗೇ ಸೇರ್ಕೊಂಡ್ನಲ್ಲ.

ಇದನ್ನ ಬರೀತಿರೋವಾಗ ಈ ವಾರದ ಡ್ಯೂಟಿ ಲಿಸ್ಟ್ ಬಂದಿದೆ. ಪಕ್ಕದ ಮನೆ ಹುಡುಗ ಸ್ಕ್ರೀನ್‌ಶಾಟ್ ಕಳಿಸಿ "ಅಂಕಲ್, ವಿಎಆರ್ ಯಾರು ನೋಡಿದ್ರಾ?" ಅಂದ. ನೋಡ್ದೆ ಕಣಪ್ಪ. ಶನಿವಾರ ನಿಮ್ಮನೇಲೇ ನೋಡೋಣ, ನಮ್ಮ ಟೀವಿ ರಿಮೋಟು ಇನ್ನೊಂದ್ಸಲ ಬಿದ್ರೆ ತಡೆಯಲ್ಲ.