ಕಾಯುವ ಶಕ್ತಿ ಎಲ್ಲಿಂದ ಬರುತ್ತದೆ?

ಪ್ರವೇಶ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅವಧಿ ಇರುವಾಗ ಸಮಾನ ಅವಕಾಶಕ್ಕೆ ಇನ್ನೇನು ಬೇಕು ಎಂದು ಕೇಳುವವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವುದು ಒಂದು ಮಿಠಾಯಿಯ ಪ್ರಯೋಗ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಮತ್ತು ಸಂಗಡಿಗರು 1960ರ ದಶಕದ ಕೊನೆಯಿಂದ ನಡೆಸಿದ ಈ ಪ್ರಯೋಗದಲ್ಲಿ ಪುಟ್ಟ ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಒಂದನ್ನು ಇಟ್ಟು, ತಾನು ಮರಳಿ ಬರುವತನಕ ತಿನ್ನದಿದ್ದರೆ ಎರಡು ಕೊಡುವೆನೆಂದು ಹೇಳಿ ದೊಡ್ಡವರು ಹೊರಗೆ ಹೋಗುತ್ತಿದ್ದರು. ಹೆಚ್ಚು ಹೊತ್ತು ಕಾದ ಮಕ್ಕಳು ಹದಿಹರೆಯದಲ್ಲಿ ಓದಿನಲ್ಲೂ ಮುಂದಿದ್ದರೆಂಬ ವರದಿ ಬಂದದ್ದೇ ತಡ, ಸಂಯಮವೇ ಯಶಸ್ಸಿನ ಗುಟ್ಟು ಎಂಬ ಉಪದೇಶ ಎಲ್ಲೆಡೆ ಹರಡಿತು. ಆ ಮಕ್ಕಳು ವಿಶ್ವವಿದ್ಯಾಲಯದ್ದೇ ಶಿಶುವಿಹಾರಕ್ಕೆ ಬರುತ್ತಿದ್ದವರು ಎಂಬುದನ್ನು ಮಾತ್ರ ಉಪದೇಶಕರು ಹೇಳುತ್ತಿರಲಿಲ್ಲ. ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಯುವಿಕೆಗೂ ಓದಿಗೂ ಇರುವ ನಂಟು ಮೊದಲು ಹೇಳಿದ್ದರ ಅರ್ಧದಷ್ಟೇ ಕಂಡಿತು. ಮನೆಯ ಪರಿಸ್ಥಿತಿಯನ್ನೂ ಎಳವೆಯ ಬೌದ್ಧಿಕ ಸಾಮರ್ಥ್ಯವನ್ನೂ ಲೆಕ್ಕಕ್ಕೆ ಹಿಡಿದಾಗ ಅದರಲ್ಲೂ ಮೂರನೇ ಎರಡು ಭಾಗ ಕರಗಿಹೋಯಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಪ್ರಕಟಿಸಿದ, ಕೇವಲ 28 ಮಕ್ಕಳ ಪುಟ್ಟ ಪ್ರಯೋಗ. ಚಿತ್ರ ಬಿಡಿಸಲು ಒಳ್ಳೆಯ ಸಾಮಗ್ರಿ ತರುತ್ತೇನೆಂದು ಮೊದಲೇ ಹೇಳಿದ ದೊಡ್ಡವರು ಮಾತು ಉಳಿಸಿಕೊಂಡಿದ್ದರೆ ಮಕ್ಕಳು ಆಮೇಲೆ ಮಿಠಾಯಿಯ ಮುಂದೆ ಸರಾಸರಿ 12 ನಿಮಿಷ ಕಾದರು; ಬರಿಗೈಯಲ್ಲಿ ಬಂದಿದ್ದರೆ 3 ನಿಮಿಷ. ಕೊಟ್ಟ ಮಾತು ನಡೆಯುವ ಭರವಸೆಯೇ ಇಲ್ಲದ ಕಡೆ ಕೈಗೆ ಸಿಕ್ಕಿದ್ದನ್ನು ಆಗಲೇ ತಿಂದುಬಿಡುವುದರಲ್ಲಿ ಚಾಪಲ್ಯಕ್ಕಿಂತ ವಿವೇಕವೇ ಹೆಚ್ಚು. ಮುಂದೊಂದು ದಿನ ಫಲ ಸಿಗುತ್ತದೆಂದು ನಂಬಿ ಹತ್ತಾರು ವರ್ಷ ಓದುವುದೂ ಇಂಥ ಕಾಯುವಿಕೆಯೇ ಅಲ್ಲವೇ? ಅದನ್ನು ಆ ವಿದ್ಯಾರ್ಥಿಯ ಸ್ವಂತ ಗುಣವೆಂದು ಎಣಿಸಿ ನಾವು ಅಂಕ ಕೊಡುತ್ತೇವೆ.

ಹಾಗೆಂದು ಬಾಲ್ಯವನ್ನು ಹಣೆಬರಹವೆಂದು ನಾನು ಒಪ್ಪುವುದಿಲ್ಲ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1986–87ರಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಎಳೆಯ ಮಕ್ಕಳನ್ನು ಆಯ್ದು, ಕೆಲವರ ಮನೆಗೆ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ, ವಾರಕ್ಕೊಂದು ಗಂಟೆ ಹೋಗಿ, ಮಗುವಿನೊಂದಿಗೆ ಮಾತಾಡುವ, ಆಡುವ ಬಗೆಯನ್ನು ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಶೇಕಡಾ 25ರಷ್ಟು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಈ ಭೇಟಿಗಳಿಲ್ಲದೆ ಪೂರಕ ಆಹಾರವೊಂದನ್ನೇ ಪಡೆದ ಮಕ್ಕಳಲ್ಲಿ ಇಂಥ ದೀರ್ಘಕಾಲದ ಲಾಭ ಕಾಣಲಿಲ್ಲ ಎಂಬುದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುತ್ತದೆ.

ಕಾಲೇಜಿನ ವಿದ್ಯಾರ್ಥಿವೇತನಗಳು ಬೇಡವೆಂದಲ್ಲ. ಆದರೆ ಅವು ಸಿಗುವುದು ಅಲ್ಲಿಯವರೆಗೆ ಓದು ಬಿಡದೆ ಬಂದವರಿಗೆ. ಮೂರನೇ ನಿಮಿಷಕ್ಕೇ ಎದ್ದುಹೋದವರು ಆ ಅರ್ಜಿಯನ್ನು ನೋಡಿಯೂ ಇರುವುದಿಲ್ಲ.